ಡರ್ವುಡ್ ತಿರುಗಿಸದ ಮೊಸಳೆ

ನಾಬ್ ಲೇಕ್ ಊರಿನ ಡರ್ವುಡ್ ಪೆಲ್ಕಿ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ನೆಲಹಾಸಿನ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ವಿಸ್ಕಾನ್ಸಿನ್ ರಾಜ್ಯದ ಆ ಮೂಲೆಯ ಅರ್ಧಕ್ಕರ್ಧ ಅಡುಗೆಮನೆಗಳಿಗೆ ಲಿನೋಲಿಯಂ ಹಾಸಿದವನು. ಅವನಿಗಿದ್ದ ಕಾಯಿಲೆ ಒಂದೇ: ಬಾಯಲ್ಲಿ ತುತ್ತಿರುವಾಗ ಮಾತಾಡುವುದು. ಬಾಯಿ ಖಾಲಿ ಇದ್ದಾಗ ಅವನು ತಕ್ಕಮಟ್ಟಿಗೆ ಯೋಚಿಸಿಯೇ ಮಾತಾಡುತ್ತಿದ್ದ. ತುತ್ತು ಒಳಗೆ ಹೋಯಿತೆಂದರೆ ನಾಲಿಗೆ ಯಜಮಾನನನ್ನು ಕೇಳದೆ ತನ್ನ ಪಾಡಿಗೆ ತಾನು ಹೊರಟುಬಿಡುತ್ತಿತ್ತು.

ಒಂದು ಭಾನುವಾರ ರಾತ್ರಿಯ ಊಟದಲ್ಲೂ ಹಾಗೇ ಆಯಿತು. ಮೇಜಿನ ಒಂದು ತುದಿಯಲ್ಲಿ ಹೈಸ್ಕೂಲಿನ ಮಗಳು ಟ್ಯಾಮ್ಸಿನ್ ಬೀಜಗಣಿತದ ಪುಸ್ತಕ ಬಿಚ್ಚಿಟ್ಟುಕೊಂಡು ನಿಟ್ಟುಸಿರು ಬಿಡುತ್ತಿದ್ದಳು. ವರ್ಗ ಅಸಮತೆಗಳ ಪಾಠ. ಇಂಥದ್ದಕ್ಕೆ ಇಂಥದ್ದು ಸಮ ಅಂದುಬಿಟ್ಟರೆ ಒಂದೆರಡು ಉತ್ತರಕ್ಕೆ ಮುಗಿಯುತ್ತದೆ. ಇಂಥದ್ದು ಇಂಥದ್ದಕ್ಕಿಂತ ದೊಡ್ಡದು ಅಂದರೆ ಉತ್ತರ ಎಲ್ಲಿಂದ ಎಲ್ಲಿಯವರೆಗೆ ಎಂದು ಹುಡುಕಬೇಕು, ಅದೂ ಒಳಗೋ ಹೊರಗೋ ಎಂದು ತಿಳಿಯದೆ ತಲೆ ಕೆಡುತ್ತದೆ. ಡರ್ವುಡ್ ಬಾಯಿ ತುಂಬ ಮಾಂಸದ ತುಂಡು ಇಟ್ಟುಕೊಂಡು ಮಗಳ ಪುಸ್ತಕಕ್ಕೆ ಇಣುಕಿದ.

"ಇಷ್ಟೇನಾ? ನಮ್ ಕಾಲದಲ್ಲಿ ಇವನ್ನೆಲ್ಲ ಬಾಯಲ್ಲೇ ಬಿಡಿಸ್ತಿದ್ವಿ."

ಸತ್ಯ ಏನೆಂದರೆ, ಅವನ ಕಾಲದಲ್ಲಿ ಅವನು ಬೀಜಗಣಿತದಲ್ಲಿ ಡುಮ್ಕಿ ಹೊಡೆದಿದ್ದ. ಜೊತೆಯ ಹುಡುಗರೆಲ್ಲ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ ಬೇಸಿಗೆಯಲ್ಲಿ ಇವನು ಶಾಲೆಯಲ್ಲಿ ಕೂತು ಅದನ್ನೇ ಮತ್ತೆ ಓದಿದ್ದ. ಅಷ್ಟಾಗಿಯೂ ತಲೆಯಲ್ಲಿ ಉಳಿದದ್ದು ಒಂದು ಮೊಸಳೆ ಮಾತ್ರ. ದೊಡ್ಡದು ಚಿಕ್ಕದು ಎನ್ನುವ ಆ ಚೂಪು ಚಿಹ್ನೆ ಮೊಸಳೆಯ ಬಾಯಿ ಇದ್ದ ಹಾಗೆ, ಅದು ಯಾವಾಗಲೂ ದೊಡ್ಡದನ್ನೇ ತಿನ್ನಲು ಬಾಯಿ ಬಿಟ್ಟಿರುತ್ತದೆ ಎಂದು ಅಲ್ಲಿನ ಮಕ್ಕಳಿಗೆಲ್ಲ ಹೇಳಿಕೊಡುತ್ತಾರೆ. ಆ ಮೊಸಳೆಯ ಬಗ್ಗೆ ಇನ್ನೂ ಏನೋ ಹೇಳಿದ್ದರು. ಅದನ್ನು ಹೇಳುವಾಗ ಡರ್ವುಡ್ ಕಿಟಕಿಯಾಚೆ ನೋಡುತ್ತಿದ್ದ.

ಮೇಜಿನ ಇನ್ನೊಂದು ತುದಿಯಲ್ಲಿ ಅತ್ತೆ ಬರ್ನಡೀನ್ ಕೂಲ್ಮನ್ ಕೂತಿದ್ದರು. ಮದುವೆಯಾದಂದಿನಿಂದ ಅವರು ಅಳಿಯನನ್ನು ಹೆಸರು ಹಿಡಿದು ಕರೆದವರಲ್ಲ. ಬೇರೆಯವರ ಮುಂದೆ ಅವನು ಮಗಳ ಹೆಸರಲ್ಲಿ 'ಕೊರಿನ್ ಗಂಡ', ಎದುರಿಗೆ ಸಿಕ್ಕರೆ 'ನೋಡಪ್ಪಾ'. ಅವರ ನಿಂಬೆಹಣ್ಣಿನ ಪೈಗೆ, ಹಿಟ್ಟಿನ ಅಂಚು ಕಟ್ಟಿ ಬೇಯಿಸುವ ಆ ಸಿಹಿಗೆ, ಊರಲ್ಲೆಲ್ಲ ಹೆಸರು. ಅದನ್ನು ಕತ್ತರಿಸಿ ಹಂಚುವಾಗ ಮುರಿದುಹೋದ ಹೋಳೊಂದು ಇದ್ದೇ ಇರುತ್ತದಲ್ಲ, ಅಂಚಿಲ್ಲದ್ದು, ಚಮಚದಿಂದ ಬಳಿದು ಹಾಕಬೇಕಾದದ್ದು. ಅದು ಯಾವಾಗಲೂ ಡರ್ವುಡ್‌ನ ತಟ್ಟೆಗೆ. ಇಡೀ ಹೋಳೊಂದು ತನ್ನ ಪಾಲಿಗೂ ಒಂದು ದಿನ ಬಂದೀತು ಎಂಬ ಆಸೆಯಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಬೇರೆ ಯಾವ ದೊಡ್ಡ ಆಸೆಯೂ ಆ ಬಡಪಾಯಿಗೆ ಇರಲಿಲ್ಲ.

ಮುಂದಿನ ಭಾನುವಾರ ಚರ್ಚಿನ ಕಾಫಿ ಹೊತ್ತಿನಲ್ಲಿ ಬರ್ನಡೀನ್ ನಾಲ್ಕು ಜನರೆದುರು, ನಮ್ಮ ಕೊರಿನ್ ಗಂಡ ದೊಡ್ಡ ಗಣಿತಜ್ಞ ಗೊತ್ತಾ, ಲೆಕ್ಕವನ್ನೆಲ್ಲ ಬಾಯಲ್ಲೇ ಬಿಡಿಸುತ್ತಾನಂತೆ ಎಂದು ಕೊಂಕು ಹೊಡೆದರು. ಆ ನಾಲ್ವರಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥ ಲೆಲ್ಯಾಂಡ್ ಸ್ಕಾರ್ ಒಬ್ಬ. ಜಗತ್ತಿನಲ್ಲಿ ಕೊಂಕು ಎಂಬುದೊಂದಿದೆ ಎಂದು ಲೆಲ್ಯಾಂಡ್‌ಗೆ ಯಾರೂ ಹೇಳಿರಲಿಲ್ಲ. ಅವನು ಕಾಫಿ ಲೋಟ ಅಲ್ಲೇ ಇಟ್ಟು ನೆಟ್ಟಗೆ ಡರ್ವುಡ್‌ನ ಬಳಿ ಬಂದು ಕೈ ಕುಲುಕಿದ.

ಲೆಲ್ಯಾಂಡ್‌ಗೆ ಒಂದು ಸಂಕಟವಿತ್ತು. ನಾಬ್ ಲೇಕಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಕುಂಬಳಕಾಯಿ ಎಸೆಯುವ ಹಬ್ಬ. ಟ್ರ್ಯಾಕ್ಟರ್ ಟ್ಯೂಬಿನ ಹಳೆಯ ಕವಣೆಯಿಂದ ಎಸೆದ ಕಾಯಿ ಇಲ್ಲಿಯವರೆಗೆ ಪಾಪ, ಹಿತ್ತಲ ಬೇಲಿಯನ್ನೂ ದಾಟುತ್ತಿರಲಿಲ್ಲ. ಈ ಸಲ ಶಾಲೆಯ ಮರಗೆಲಸದ ಮೇಷ್ಟರು ಎರಡಂತಸ್ತಿನ ಮನೆಯಷ್ಟು ಎತ್ತರದ ಭಾರೀ ಕವಣೆ ಯಂತ್ರ ಕಟ್ಟಿದ್ದರು. ಹಬ್ಬದ ಬಯಲೋ ನದಿಗೂ ರೈಲು ಹಳಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಪಟ್ಟಿ. ಮೇಜು, ಡೇರೆ, ಜನ ಎಲ್ಲ ಕಾಯಿ ಹಾರುವ ದಾರಿಯ ಕೆಳಗೇ ಇರಬೇಕು, ಬೇರೆ ಜಾಗವಿಲ್ಲ. ಲೆಲ್ಯಾಂಡ್ ನಂಬಿದ್ದ ಅಳತೆ ಜಗತ್ತಿನಲ್ಲಿ ಒಂದೇ, ತನ್ನ ಬಂಡಿಯ ಏಣಿ. ಅದು ಮೂವತ್ತಾರು ಅಡಿ. ಎಲ್ಲಿ ಕಾಯಿ ಏಣಿಗಿಂತ ಎತ್ತರದಲ್ಲಿ ಹಾರುತ್ತದೋ ಅಲ್ಲಿ ಮಾತ್ರ ಜನ ಇರಬಹುದು, ಅದನ್ನು ತಿಳಿದವರು ಲೆಕ್ಕ ಹಾಕಿ ತೋರಿಸಬೇಕು, ಇಲ್ಲದಿದ್ದರೆ ಹಬ್ಬವೇ ಇಲ್ಲ ಎಂದು ಅವನು ಪಟ್ಟು ಹಿಡಿದಿದ್ದ.

"ಇಡೀ ಊರು ನಿನ್ನ ಮೇಲೆ ನಿಂತಿದೆ ಕಣಯ್ಯಾ," ಎಂದ ಲೆಲ್ಯಾಂಡ್. "ನಿಮ್ಮತ್ತೆಯವರೇ ಹೇಳಿದ್ರು."

ಡರ್ವುಡ್‌ನ ಬಾಯಲ್ಲಿ ಆಗ ಡೋನಟ್ ಇತ್ತು. ಅದೆಷ್ಟು ಹೊತ್ತಿನ ಕೆಲಸ ಎಂದುಬಿಟ್ಟ.

ಮೇಷ್ಟರು ಪಕ್ಕದೂರಿನ ಹೊಲದಲ್ಲಿ ಯಂತ್ರವನ್ನು ಪರೀಕ್ಷೆ ಮಾಡಿ ಕಾಯಿಯ ದಾರಿಯನ್ನು ಗೊತ್ತುಮಾಡಿಕೊಟ್ಟರು. ಕಾಯಿ x ಅಡಿ ದೂರ ಹೋದಾಗ ಅದರ ಎತ್ತರ 2x ಅಡಿ, ಅದರಲ್ಲಿ x ವರ್ಗದ ನೂರನೇ ಒಂದು ಪಾಲು ಕಡಿಮೆ. ಅದು ಮೂವತ್ತಾರಕ್ಕಿಂತ ದೊಡ್ಡದಾಗಬೇಕು. ಡರ್ವುಡ್ ಮಗಳ ಪುಸ್ತಕವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಅಂಗಡಿಯ ಹಿಂದಿನ ಗೋದಾಮಿಗೆ ಹೋದ. ಮಗಳನ್ನೇ ಕೇಳಬಹುದಿತ್ತು. ಆದರೆ ಬಾಯಲ್ಲೇ ಬಿಡಿಸುತ್ತಿದ್ದೆ ಎಂದವನು ಯಾವ ಬಾಯಲ್ಲಿ ಕೇಳಿಯಾನು? ಲಿನೋಲಿಯಂನ ಒಂದು ಗಟ್ಟಿ ಹಾಳೆಯನ್ನು ಗೋಡೆಗೆ ಒರಗಿಸಿ, ಅದರ ಮೇಲೆ ನೆಲ ಗುರುತು ಮಾಡುವ ಕಪ್ಪು ಪೆನ್ನಿನಿಂದ ಲೆಕ್ಕ ಶುರುಮಾಡಿದ.

ಅವನನ್ನು ಹೊಗಳಲೇಬೇಕು. ಎಲ್ಲವನ್ನೂ ಒಂದು ಕಡೆಗೆ ತಂದ. x ವರ್ಗದ ಮುಂದೆ ಋಣ ಚಿಹ್ನೆಯೂ ಬುಡದಲ್ಲಿ ನೂರೂ ಕೂತು ಕಿರಿಕಿರಿ ಮಾಡುತ್ತಿದ್ದವೆಂದು ಎರಡೂ ಬದಿಯನ್ನು ಋಣ ನೂರರಿಂದ ಗುಣಿಸಿದ. x ವರ್ಗ, ಕಳೆ ಇನ್ನೂರು x, ಕೂಡು ಮೂರು ಸಾವಿರದ ಆರುನೂರು ಬಂತು. ಅದನ್ನು ಅಪವರ್ತನಗಳಾಗಿ ಒಡೆದರೆ (x − 20)(x − 180) ಎಂದು ಪಟಕ್ಕನೆ ಒಡೆಯಿತು. ಪುಸ್ತಕದಲ್ಲಿದ್ದ ಹಾಗೇ ಲೆಕ್ಕ ಒಡೆದದ್ದು ಅವನ ಬಾಳಿನಲ್ಲಿ ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಆ ಸಂತೋಷದಲ್ಲಿ ಅವನು ಮೊಸಳೆಯನ್ನು ಮೊದಲು ಹೇಗೆ ಬಾಯಿ ಬಿಟ್ಟುಕೊಂಡಿತ್ತೋ ಹಾಗೇ ಕೆಳಸಾಲಿಗೆ ಇಳಿಸಿಕೊಂಡ: ಸೊನ್ನೆಗಿಂತ ದೊಡ್ಡದು. ಅಂದರೆ ಯಂತ್ರದಿಂದ ಇಪ್ಪತ್ತು ಅಡಿಯೊಳಗೆ ಸುರಕ್ಷಿತ, ನೂರ ಎಂಬತ್ತು ಅಡಿ ದಾಟಿದ ಮೇಲೆ ಸುರಕ್ಷಿತ. ನಡುವಿನದೆಲ್ಲ ಅಪಾಯ.

ಆ ಹಾಳೆಯನ್ನು ಹೊತ್ತುಕೊಂಡು ಹಬ್ಬದ ಸಮಿತಿಯ ಮುಂದೆ ನಿಂತಾಗ ಯಾರಿಗೂ ಏನೂ ಅರ್ಥವಾಗಲಿಲ್ಲ. ಅದರಿಂದಲೇ ಲೆಕ್ಕ ಸರಿ ಇರಬೇಕು ಎಂದು ಎಲ್ಲರಿಗೂ ಅನಿಸಿತು. ಕುಂಬಳಕಾಯಿ ಬೆಳೆಯುವ ಮುದುಕ ಆರಿನ್ ಟ್ವೀಟನ್ ಒಬ್ಬ ಮಾತ್ರ ಕೈ ಎತ್ತಿದ. ಎಸೆದ ಕಾಯಿ ಎಲ್ಲಾದರೂ ಬೀಳಬೇಕಲ್ಲ, ಎಲ್ಲಿ ಬೀಳುತ್ತದೆ ಎಂದು ಕೇಳಿದ. ಸುಮಾರು ಇನ್ನೂರು ಅಡಿಗೆ ಎಂದು ಡರ್ವುಡ್ ಹೇಳಿದ. ಹಾಗಾದರೆ ನೂರ ಎಂಬತ್ತರಾಚೆ ಕೂತವರ ಗತಿ ಏನು ಎಂದು ಆರಿನ್ ಮತ್ತೆ ಕೇಳಿದ. ಸಮಿತಿಯವರೆಲ್ಲ ಡರ್ವುಡ್‌ನ ಮುಖ ನೋಡಿದರು. ಅವರು ಕೊಟ್ಟಿದ್ದ ಚೀಸ್ ತುಂಡು ಅವನ ಬಾಯಲ್ಲಿತ್ತು.

"ಬೀಳೋ ಜಾಗ ಬೇರೆ, ಅಪಾಯದ ಜಾಗ ಬೇರೆ, ಆರಿನ್. ನೀವು ಕಣ್ಣಲ್ಲಿ ನೋಡ್ತಿದ್ದೀರಿ. ಇದು ಬೀಜಗಣಿತ."

ಆರಿನ್ ಕೈ ಇಳಿಸಿದ. ಲೆಲ್ಯಾಂಡ್, ಇಷ್ಟು ವರ್ಷ ನಾವೆಲ್ಲ ಕಣ್ಣಲ್ಲೇ ನೋಡಿ ಕೆಟ್ಟೆವು ಎಂದು ತಲೆದೂಗಿ ಅನುಮತಿ ಕೊಟ್ಟ.

ಸುದ್ದಿ ಬರ್ನಡೀನ್‌ಗೆ ಮುಟ್ಟಿತು. ನಿಮ್ಮ ಅಳಿಯ ಹಬ್ಬ ಉಳಿಸಿದ ಎಂದು ದಾರಿಯಲ್ಲಿ ಕಂಡವರೆಲ್ಲ ಹೇಳತೊಡಗಿದಾಗ ಅವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅನುಮಾನ ಬಂತು, ಕೊನೆಗೆ ಬೇರೆ ದಾರಿಯಿಲ್ಲದೆ ಹೆಮ್ಮೆ ಬಂತು. ಕೃತಜ್ಞತೆ ತೋರಿಸಲು ಡರ್ವುಡ್ ತಾನೇ ಟೇಪು ಹಿಡಿದು ಅತ್ತೆಯ ಪೈ ಮೇಜಿಗೆ ಬಯಲಿನಲ್ಲೇ ಅತ್ಯಂತ ಸುರಕ್ಷಿತವಾದ ಜಾಗ ಗುರುತು ಮಾಡಿದ. ಲೆಕ್ಕದ ಪ್ರಕಾರ ನೂರ ಎಂಬತ್ತರಿಂದ ಆಚೆ ಹೋದಷ್ಟೂ ಕ್ಷೇಮ. ಆದ್ದರಿಂದ ಮೇಜು ಸರಿಯಾಗಿ ಇನ್ನೂರು ಅಡಿಗೆ ಬಂತು.

ಅತ್ತೆ ಲಿನೋಲಿಯಂ ಹಾಳೆಯನ್ನು ಕೇಳಿ ಈಸಿಕೊಂಡರು, ಮೇಜಿನ ಮೇಲೆ ಹಾಸಲು, ಲೆಕ್ಕ ನಾಲ್ಕು ಜನರಿಗೆ ಕಾಣುವ ಹಾಗೆ. ಹಾಳೆಯ ಅಂಚಿನಲ್ಲಿ ಅಂಗಡಿಯ ಜಾಹೀರಾತು ಅಚ್ಚಾಗಿತ್ತು: ಇದರ ಮೇಲೆ ಏನು ಬಿದ್ದರೂ ಒರೆಸಿದರೆ ಹೋಯಿತು. ಹಬ್ಬದ ದಿನ ಪೈ ಕತ್ತರಿಸುವ ಹೊತ್ತಿಗೆ ನಿನಗೊಂದು ಇಡೀ ಹೋಳು ತೆಗೆದಿಡುತ್ತೇನೆ ಎಂದೂ ಹೇಳಿದರು. ಡರ್ವುಡ್ ಮನೆಗೆ ಬಂದು ಹೆಂಡತಿ ಕೊರಿನ್‌ಗೆ ಆ ಮಾತನ್ನು ಮತ್ತೆ ಮತ್ತೆ ಹೇಳಿದ. ಕೊನೆಗೆ ಅವಳು ದೀಪ ಆರಿಸಿದಳು.

ಹಬ್ಬದ ಬಯಲು ಆ ವರ್ಷ ನೋಡುವ ಹಾಗಿತ್ತು. ಯಂತ್ರದ ಬುಡದಲ್ಲಿ ಸಾಸೇಜು ಸುಡುವವರು, ಸೇಬಿನ ರಸ ಮಾರುವವರು, ಮಕ್ಕಳ ತಳ್ಳುಗಾಡಿಗಳು ಭುಜಕ್ಕೆ ಭುಜ ತಾಗಿಸಿಕೊಂಡು ಕಿಕ್ಕಿರಿದಿದ್ದವು. ದೂರದ ಇನ್ನೊಂದು ತುದಿಯಲ್ಲಿ ಪೈ ಮೇಜುಗಳು, ಶಾಲೆಯ ವಾದ್ಯದವರು, ವಯಸ್ಸಾದವರ ಕುರ್ಚಿಗಳು. ನಡುವೆ ಅಷ್ಟುದ್ದ ಹಸಿರು ಹುಲ್ಲು ಕೆಂಪು ಹಗ್ಗದೊಳಗೆ ಖಾಲಿ ಬಿದ್ದಿತ್ತು. ಲೆಲ್ಯಾಂಡ್ ಹೆಲ್ಮೆಟ್ ಹಾಕಿಕೊಂಡು ಆ ಖಾಲಿ ಜಾಗವನ್ನು ಕಾಯುತ್ತಿದ್ದ. ಒಳಗೆ ನುಗ್ಗಿದ ನಾಯಿಯೊಂದನ್ನು ಪ್ರಾಣದ ಹಂಗು ತೊರೆದು ಓಡಿಹೋಗಿ ಎತ್ತಿಕೊಂಡು ಬಂದಾಗ ಜನ ಚಪ್ಪಾಳೆ ತಟ್ಟಿದರು. ಸಾಸೇಜು ಬೇಕಾದ ಪೈ ಕಡೆಯವರು ನದಿಯ ದಂಡೆ ಹಿಡಿದು ಸುತ್ತು ಹಾಕಿ ಬರುತ್ತಿದ್ದರು, ಬರುವಾಗ ಡರ್ವುಡ್‌ಗೆ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು.

ವಾದ್ಯ ನುಡಿಸಿ ಹಸಿದ ಟ್ಯಾಮ್ಸಿನ್ ಅಜ್ಜಿಯ ಮೇಜಿಗೆ ಬಂದು ಪೈ ತಿನ್ನತೊಡಗಿದಳು. ಆ ವಾರ ಅವಳಿಗೆ ಇದೇ ಪಾಠದ ಪರೀಕ್ಷೆ ಆಗಿತ್ತು. ತಿನ್ನುತ್ತ ತಿನ್ನುತ್ತ ಮೇಜಿನ ಮೇಲಿನ ಲೆಕ್ಕ ಓದಿದಳು. ತಟ್ಟೆ ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಓದಿದಳು. ಅಪ್ಪ ಅಲ್ಲೇ ಎದೆ ಸೆಟೆಸಿಕೊಂಡು ನಿಂತಿದ್ದ.

"ಅಪ್ಪಾ, ಇಲ್ಲಿ ಋಣ ನೂರರಿಂದ ಗುಣಿಸಿದ್ದೀಯ."

"ಹೌದು ಮಗಳೇ. ಹಾಗೆ ಮಾಡಿದ್ರೆ ಸುಲಭ."

"ಮೊಸಳೆ ತಿರುಗಿಲ್ವಲ್ಲಪ್ಪಾ. ಋಣದಿಂದ ಗುಣಿಸಿದ್ರೆ ಮೊಸಳೆ ಆ ಕಡೆಗೆ ತಿರುಗಬೇಕು."

ಬೇಸಿಗೆ ಶಾಲೆಯಲ್ಲಿ ಕಿಟಕಿಯಾಚೆ ನೋಡುತ್ತಿದ್ದಾಗ ಹೇಳಿದ್ದ ಮಾತು ಅಷ್ಟು ವರ್ಷದ ಮೇಲೆ ಡರ್ವುಡ್‌ನ ಕಿವಿಗೆ ಬಿತ್ತು. ಅವನು ಬಯಲಿನ ಆ ತುದಿ ನೋಡಿದ, ಈ ತುದಿ ನೋಡಿದ, ನಡುವಿನ ಹುಲ್ಲು ನೋಡಿದ. ಒಂದು ಮೊಸಳೆ ತಿರುಗದೆ ಹೋದದ್ದಕ್ಕೆ ಇಡೀ ಊರನ್ನು ಆರಿಸಿ ಆರಿಸಿ ಕಾಯಿಯ ಬಾಯಿಗೇ ಕೂರಿಸಿದ್ದ.

ಓಡಿಹೋಗಿ ಲೆಲ್ಯಾಂಡ್‌ನ ತೋಳು ಹಿಡಿದ. ಎಸೆಯುವುದನ್ನು ನಿಲ್ಲಿಸು ಎಂದ. ನಿಲ್ಲಿಸಲು ಆಗುವಂತಿರಲಿಲ್ಲ. ಕೆಳಗೆ ಬಿದ್ದು ಕಾಯಿಯನ್ನು ಚಿಮ್ಮಿಸುವ ಭಾರವನ್ನು ಆಗಲೇ ಯಂತ್ರದ ಮೇಲಕ್ಕೆ ಏರಿಸಿದ್ದರು. ಏರಿಸುವ ಏರ್ಪಾಟನ್ನು ಮೇಷ್ಟರು ಬಹಳ ಚೆನ್ನಾಗಿ ಮಾಡಿದ್ದರು, ಇಳಿಸುವ ಏರ್ಪಾಟು ಅವರಿಗೆ ಹೊಳೆದಿರಲಿಲ್ಲ. ಹಗ್ಗ ಕಿರ್ ಎನ್ನುತ್ತಿತ್ತು.

"ಈಗೇನು ಮಾಡೋಣ ಅಂತೀಯ?" ಎಂದ ಲೆಲ್ಯಾಂಡ್.

"ಸುರಕ್ಷಿತ ಜಾಗದಲ್ಲಿ ಇರೋರೆಲ್ಲ ಅಪಾಯದ ಜಾಗಕ್ಕೆ ಹೋಗ್ಬೇಕು. ಅಲ್ಲಿ ಸುರಕ್ಷಿತ."

ಲೆಲ್ಯಾಂಡ್ ಧ್ವನಿವರ್ಧಕ ಎತ್ತಿ ಇದನ್ನೇ ಒಂದಕ್ಷರ ಬಿಡದೆ ಊರಿಗೆ ಸಾರಿದ. ಯಂತ್ರದ ಕಡೆಯವರು ಸುರಕ್ಷಿತ ಜಾಗವೆಂದರೆ ಪೈ ಕಡೆ ಎಂದುಕೊಂಡು ಆ ತುದಿಗೆ ಓಡಿದರು. ಪೈ ಕಡೆಯವರು ಯಂತ್ರದ ಕಡೆ ಎಂದುಕೊಂಡು ಈ ತುದಿಗೆ ಓಡಿದರು. ನಡುವೆ ಇಬ್ಬರೂ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಜಗಳಕ್ಕೆ ನಿಂತರು. ಆ ಜಗಳದಿಂದಲೇ ಊರು ಉಳಿಯಿತು. ಹೊರಡದೆ ಉಳಿದವರು ಒಬ್ಬರೇ.

ಬರ್ನಡೀನ್ ಪೈ ಮೇಜಿನ ಹಿಂದೆ ಮಡಿಸುವ ಕುರ್ಚಿಯ ಮೇಲೆ ಕೈಕಟ್ಟಿ ಕೂತಿದ್ದರು. ಡರ್ವುಡ್ ಏದುಸಿರು ಬಿಡುತ್ತ ಬಂದ. ಅತ್ತೆ ಏಳಿ ಎಂದ. ಲೆಕ್ಕ ತಪ್ಪು ಎಂದ. ಕೈಮುಗಿದ.

"ನೋಡಪ್ಪಾ, ನನ್ನ ಮಗಳನ್ನ ನಿನಗೆ ಕೊಟ್ಟ ಮೇಲೆ ಒಂದೇ ಒಂದು ಸಲ ನಿನ್ನ ಮಾತು ನಂಬಿದ್ದೀನಿ. ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೀನಿ. ಈಗ ಅದೂ ಸುಳ್ಳು ಅಂದ್ರೆ ನಾನು ಕೇಳೋದಿಲ್ಲ. ಇಲ್ಲಿ ಕ್ಷೇಮ ಅಂದೆ, ಇಲ್ಲೇ ಕೂತಿರ್ತೀನಿ."

ಆ ಕಡೆ ಹಗ್ಗ ಹರಿಯಿತು. ಆರಿನ್‌ನ ಹೊಲದ ಅತಿ ದೊಡ್ಡ ಕಾಯಿ, ಒಂದು ಕರುವಿನಷ್ಟು ಇದ್ದದ್ದು, ಮೆಲ್ಲಗೆ ಮೇಲಕ್ಕೆದ್ದಿತು. ನಡುವೆ ಜಗಳವಾಡುತ್ತಿದ್ದವರ ತಲೆಯ ಮೇಲೆ, ಏಣಿಗಿಂತ ಎಷ್ಟೋ ಎತ್ತರದಲ್ಲಿ, ಪುಸ್ತಕದ ಚಿತ್ರದಲ್ಲಿರುವ ಬಾಗಿನಂತೆಯೇ ಬಾಗಿ ಹಾರಿತು. ಇಳಿಯತೊಡಗಿತು. ಅತ್ತೆ ಏಳಲಿಲ್ಲ. ಡರ್ವುಡ್‌ಗೆ ಓಡುವಷ್ಟು ಸಮಯ ಇತ್ತು, ಅದನ್ನು ಎಲ್ಲರೂ ಕಂಡರು. ಅವನು ಓಡಲಿಲ್ಲ. ಎರಡು ಕೈಯಿಂದ ಪೈಗಳ ಅಡಿಯ ಲಿನೋಲಿಯಂ ಹಾಳೆಯನ್ನು ಎಳೆದುಕೊಂಡು, ಅತ್ತೆಯ ಪಕ್ಕದಲ್ಲಿ ಮಂಡಿಯೂರಿ, ಇಬ್ಬರ ಮೇಲೂ ಕವಿಚಿ ಹಿಡಿದ.

ಕಾಯಿ ಮೇಜಿನ ಮೇಲೆಯೇ ಬಿತ್ತು. ಮೇಷ್ಟರ ಸೂತ್ರದಲ್ಲಿ ಒಂದು ಅಡಿಯೂ ತಪ್ಪಿರಲಿಲ್ಲ. ಮೇಜು ಎರಡಾಯಿತು, ಕಾಯಿಯ ತಿರುಳೂ ನಿಂಬೆ ಪೈಗಳೂ ಒಂದಾಗಿ ಆಕಾಶಕ್ಕೆ ಹೋಗಿ ಹಾಳೆಯ ಮೇಲೆ ಬಂದು ಬಿದ್ದವು. ಎಲ್ಲ ತಣ್ಣಗಾದ ಮೇಲೆ ಕೊರಿನ್ ಓಡಿಬಂದು ಹಾಳೆ ಎತ್ತಿದಳು. ಕೆಳಗೆ ಇಬ್ಬರೂ ಒಂದು ಕಲೆಯೂ ಇಲ್ಲದ ಬಟ್ಟೆಯಲ್ಲಿ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಲೆಲ್ಯಾಂಡ್ ಒಂದು ಚಿಂದಿ ತಂದು ಹಾಳೆ ಒರೆಸಿದ. ಜಾಹೀರಾತು ಹೇಳಿದಂತೆ ಎಲ್ಲ ಹೋಯಿತು, ತಪ್ಪು ಲೆಕ್ಕ ಮಾತ್ರ ಹಾಗೇ ಉಳಿಯಿತು.

ಬರ್ನಡೀನ್ ಎದ್ದು ಲಂಗ ಕೊಡವಿಕೊಂಡರು. ಏನಾಯಿತೆಂದು ಮೊಮ್ಮಗಳನ್ನು ಕೇಳಿದರು. ಟ್ಯಾಮ್ಸಿನ್ ಮೊಸಳೆಯ ವಿಷಯ ಬಿಡಿಸಿ ಹೇಳಿದಳು: ಉಳಿದದ್ದೆಲ್ಲ ಸರಿಯಾಗಿದೆ, ಚಿಹ್ನೆಯೊಂದನ್ನು ತಿರುಗಿಸಿದ್ದರೆ ಉತ್ತರ ಪೂರ್ತಿ ಸರಿ. ಅತ್ತೆ ಅಳಿಯನ ಕಡೆ ಬೆರಳು ತೋರಿಸಿದರು.

"ಅಂದ್ರೆ ಇವನು ತಪ್ಪೋದ್ರಲ್ಲಿ ತಪ್ಪೋದೇ ಇಲ್ಲ ಅನ್ನು. ಇವನು ಹೇಳಿದ್ದನ್ನ ತಿರುಗಿಸಿಕೊಂಡ್ರೆ ಸಾಕು."

ಈ ಸೂತ್ರ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಜನ ಡರ್ವುಡ್‌ನನ್ನು ಗೇಲಿ ಮಾಡುತ್ತಾರೆಂದು ಕೊರಿನ್ ಹೆದರಿದ್ದಳು. ಆದದ್ದು ಬೇರೆ. ಅವನಿಗೆ ಹಿಂದೆಂದೂ ಇಲ್ಲದ ಮರ್ಯಾದೆ ಬಂತು. ಹಳೆಯ ಕಾರು ಕೊಳ್ಳುವವರು ಅಂಗಡಿಗೆ ಬಂದು ಇದು ಹೇಗಿದೆ ಎಂದು ಕೇಳುತ್ತಿದ್ದರು; ಒಳ್ಳೆಯ ಗಾಡಿ ಎಂದು ಡರ್ವುಡ್ ಹೇಳಿದರೆ ಕೈಕುಲುಕಿ ಉಪಕಾರವಾಯಿತೆಂದು ಆ ಗಾಡಿ ಬಿಟ್ಟುಬಿಡುತ್ತಿದ್ದರು. ನಾಳೆ ಹಿಮ ಬೀಳೋದಿಲ್ಲ ಎಂದು ಅವನು ಹೇಳಿದ ದಿನವೇ ಲೆಲ್ಯಾಂಡ್ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕಿಸಿದ, ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹಿಮ. ಶಾಲೆಯಲ್ಲಿ ಟ್ಯಾಮ್ಸಿನ್‌ನ ತರಗತಿಯಲ್ಲಿ ಆಮೇಲೆ ಒಬ್ಬರೂ ಚಿಹ್ನೆ ತಿರುಗಿಸುವುದನ್ನು ಮರೆಯಲಿಲ್ಲ. ಕರಿಹಲಗೆಯ ಮೂಲೆಯಲ್ಲಿ ಯಾರೋ ಒಂದು ಮೊಸಳೆ ಬರೆದು ಅದಕ್ಕೆ ಡರ್ವುಡ್‌ನ ಟೋಪಿ ಹಾಕಿದ್ದರು, ಅದನ್ನು ಯಾರೂ ಅಳಿಸಲಿಲ್ಲ.

ನವೆಂಬರಿನಲ್ಲಿ ಬರ್ನಡೀನ್ ಫೋನು ಮಾಡಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಿಮ್ಮಲ್ಲಿಗೆ ಬಂದು ಕ್ರಿಸ್‌ಮಸ್ ತನಕ ಇದ್ದುಬಿಡಲಾ, ನೀನೇನು ಹೇಳುತ್ತೀಯ ಎಂದು ಅಳಿಯನನ್ನೇ ಕೇಳಿದರು. ಡರ್ವುಡ್‌ಗೆ ಅತ್ತೆಯ ಮರ್ಯಾದೆ ಬೇಕಿತ್ತು ನಿಜ, ಆದರೆ ಅದು ಅಂಚೆಯಲ್ಲಿ ಬಂದರೂ ಸಾಕಿತ್ತು. ಇಡೀ ಒಂದು ತಿಂಗಳು ಬಚ್ಚಲಿಗೆ ಸರದಿ ನಿಲ್ಲುವುದನ್ನು ನೆನೆದು ಅವನು ಬೆವರಿದ. ಆಮೇಲೆ ಬುದ್ಧಿ ಓಡಿತು. ಬನ್ನಿ ಅಂದರೆ ಅವರು ತಿರುಗಿಸಿಕೊಳ್ಳುತ್ತಾರೆ, ಬರುವುದಿಲ್ಲ.

"ಖಂಡಿತ ಬನ್ನಿ ಅತ್ತೆ," ಎಂದ. "ನೀವಿಲ್ದೆ ನಮಗೆ ಹಬ್ಬವೇ ಇಲ್ಲ."

ಹಬ್ಬದ ಮುನ್ನಾದಿನ ಬುಧವಾರ ಬಾಗಿಲು ತೆಗೆದರೆ ಅತ್ತೆ ನಿಂತಿದ್ದರು, ಎರಡು ಪೆಟ್ಟಿಗೆ, ಒಂದು ಲಟ್ಟಣಿಗೆ, ಕೈಯಲ್ಲಿ ಬಿಸಿ ಪೈ. ಡರ್ವುಡ್ ಬಾಯಿ ಬಿಟ್ಟುಕೊಂಡು ನಿಂತ.

"ಅತ್ತೆ, ನನ್ನ ಮಾತು ತಿರುಗಿಸಿಕೊಳ್ಳಲಿಲ್ವಾ?"

"ತಿರುಗಿಸ್ದೆ. ನೀನು ಬೇಕಂತಲೇ ಉಲ್ಟಾ ಹೇಳ್ತಿದ್ದೀಯ ಅಂತ ದನಿಯಲ್ಲೇ ಗೊತ್ತಾಯ್ತು. ಒಂದು ಸಲ ತಿರುಗಿಸಿದ್ರೆ 'ಬರಬೇಡಿ' ಅಂತ ಬಂತು, ಅದು ನಿನ್ನ ಮನಸ್ಸು. ನಿನ್ನ ಮನಸ್ಸಲ್ಲಿರೋದು ತಪ್ಪೇ ಅಲ್ವಾ, ಇನ್ನೊಂದು ಸಲ ತಿರುಗಿಸ್ದೆ. ಟ್ಯಾಮ್ಸಿನ್ ಹೇಳಿದ್ದಾಳೆ, ಎರಡು ಸಲ ತಿರುಗಿದ ಮೊಸಳೆ ಮೊದಲಿದ್ದ ಕಡೆಗೇ ಬಾಯಿ ಬಿಟ್ಟಿರುತ್ತೆ. ಸರಿ, ಪೆಟ್ಟಿಗೆ ಎತ್ತು."

ಡರ್ವುಡ್ ಪೆಟ್ಟಿಗೆ ಎತ್ತಿದ. ರಾತ್ರಿ ಊಟವಾದ ಮೇಲೆ ಅತ್ತೆ ಪೈ ಕತ್ತರಿಸಿದರು. ಮುರಿದ ಹೋಳನ್ನು ತಮ್ಮ ತಟ್ಟೆಗೇ ಬಳಿದುಕೊಂಡು, ಅಂಚು ಸಮೇತ ಇಡೀ ಹೋಳೊಂದನ್ನು ಅಳಿಯನ ಮುಂದೆ ಇಟ್ಟರು. ಡರ್ವುಡ್ ಮೊದಲ ತುತ್ತು ಬಾಯಿಗಿಟ್ಟ. ಬಾಯಲ್ಲಿ ತುತ್ತು ಬಿದ್ದ ಮೇಲೆ ಮಾತಾಡದೆ ಇರುವುದು ಅವನ ಕೈಲಿರಲಿಲ್ಲ.

"ಅತ್ತೆ, ಇಂಥ ಪೈ ಇಡೀ ವಿಸ್ಕಾನ್ಸಿನ್ನಲ್ಲಿ ಇಲ್ಲ."

ಕೊರಿನ್ ತಾಯಿಯ ಮುಖ ನೋಡಿದಳು. ಟ್ಯಾಮ್ಸಿನ್ ಬೆರಳು ಮಡಚಿ ಎಷ್ಟು ಸಲ ತಿರುಗಿಸಬೇಕೆಂದು ಲೆಕ್ಕ ಹಾಕತೊಡಗಿದಳು. ಬರ್ನಡೀನ್ ಚಾಕುವನ್ನು ಮತ್ತೆ ಪೈಯೊಳಗೆ ಇಳಿಸಿದರು.

"ಇದೊಂದು ಮಾತನ್ನ ತಿರುಗಿಸಲ್ಲ, ಹಾಗೇ ಇಟ್ಕೋತೀನಿ," ಎಂದರು. "ಇನ್ನೊಂದು ಹೋಳು ಹಾಕಿಸ್ಕೊಳೋ ಡರ್ವುಡ್."